ಓಸ್ಟಿಯಾದಲ್ಲಿ ನೆಲ ನೋಡಿಕೊಂಡೇ ನಡೆಯಬೇಕು

ರೋಮ್‌ನ ಪಿರಮಿಡೆ ಮೆಟ್ರೊ ನಿಲ್ದಾಣದ ಪಕ್ಕದಿಂದ ಹೊರಡುವ ಲೋಕಲ್ ರೈಲು ಅರ್ಧ ಗಂಟೆಯಲ್ಲಿ ಓಸ್ಟಿಯಾ ಆಂಟಿಕಾಕ್ಕೆ ತಂದು ಇಳಿಸುತ್ತದೆ. ಕೊಲೊಸಿಯಂ ಮುಂದಿನ ನೂಕುನುಗ್ಗಲಿನಿಂದ ತಪ್ಪಿಸಿಕೊಂಡು ಬಂದವರಿಗೆ ಇಲ್ಲಿನ ಪೈನ್ ಮರಗಳ ನೆರಳೇ ದೊಡ್ಡ ಸುಖ. ಟೈಬರ್ ನದಿ ಕಡಲು ಸೇರುವಲ್ಲಿದ್ದ ಪ್ರಾಚೀನ ರೋಮ್‌ನ ಬಂದರು ಪಟ್ಟಣದ ಅವಶೇಷವಿದು. ಈಗ ಕಡಲು ಕಣ್ಣಿಗೇ ಬೀಳುವುದಿಲ್ಲ. ನದಿ ತಂದು ಸುರಿದ ಹೂಳು ದಡವನ್ನು ಕಿಲೋಮೀಟರುಗಳಾಚೆ ತಳ್ಳಿದೆ.

ಹೆಬ್ಬೀದಿ ಹಿಡಿದು ನಡೆದರೆ ಮೊದಲು ಸಿಗುವುದು ನೆಪ್ಚೂನ್ ಸ್ನಾನಗೃಹ. ಮುಂದೆ ಕುದುರೆ, ಹಿಂದೆ ಮೀನಾಗಿರುವ ನಾಲ್ಕು ಪ್ರಾಣಿಗಳನ್ನು ಓಡಿಸುತ್ತಿರುವ ಕಡಲದೇವರು, ಕಲ್ಲುಚೂರು ಜೋಡಿಸಿದ ಚಿತ್ರವಾಗಿ, ಇಡೀ ನೆಲವನ್ನೇ ಆವರಿಸಿದ್ದಾನೆ. ಚೆಂದವೇ, ಆದರೆ ನಾನು ಬಂದದ್ದು ವ್ಯಾಪಾರಿಗಳ ನೆಲ ನೋಡಲು.

ಅದು ರಂಗಮಂದಿರದ ಬೆನ್ನಿಗಿದೆ. ಹೆಸರು ಪಿಯಾತ್ಸಾಲೆ ದೆಲ್ಲೆ ಕೊರ್ಪೊರಾತ್ಸಿಯೋನಿ, ಅಂದರೆ ವರ್ತಕ ಸಂಘಗಳ ಚೌಕ. ನಡುವೆ ಒಂದು ಪುಟ್ಟ ಗುಡಿಯ ಅವಶೇಷ, ಮೂರು ಬದಿಗೆ ಸುಮಾರು 60 ಸಣ್ಣ ಕೋಣೆಗಳು. ಕೋಣೆಗಳ ಮುಂದಿನ ಪಡಸಾಲೆಯಲ್ಲಿ ಕಪ್ಪು-ಬಿಳಿ ಮೊಸಾಯಿಕ್, ಅಂದರೆ ಕಲ್ಲುಚೂರಿನ ನೆಲಚಿತ್ರಗಳು, ಹೆಚ್ಚಿನವು ಕ್ರಿ.ಶ. 2ನೇ ಶತಮಾನದ ಕೊನೆಯ ಹೊತ್ತಿನವು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ತೊಯ್ದ ಕಲ್ಲಿನಲ್ಲಿ ಕಪ್ಪು ಇನ್ನಷ್ಟು ಕಪ್ಪಾಗಿ, ಹಡಗುಗಳು ಎದ್ದು ಕಾಣುತ್ತಿದ್ದವು.

ಒಂದರ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಉಗುರಿನಗಲದ ಕಲ್ಲುಗಳಲ್ಲಿ ಚೌಕದ ಹಾಯಿ, ಅದನ್ನು ಎಳೆದು ಕಟ್ಟಿದ ಹಗ್ಗಗಳು, ಹಿಂಬದಿಯಲ್ಲಿ ದಿಕ್ಕು ತಿರುಗಿಸುವ ದಪ್ಪ ಹುಟ್ಟು. ಮಾಡಿದವನಿಗೆ ಹಡಗು ಗೊತ್ತಿತ್ತು. ಆದರೆ ಡಾಲ್ಫಿನ್‌ಗಳನ್ನು ಮನಸ್ಸಿಗೆ ತೋಚಿದಂತೆ ಬಳುಕಿಸಿದ್ದಾನೆ! ಇನ್ನೊಂದೆಡೆ, ಒಂದು ಹಡಗಿನಿಂದ ಮತ್ತೊಂದಕ್ಕೆ ಹೆಗಲ ಮೇಲೆ ಆಂಫೊರಾ, ಅಂದರೆ ಎರಡು ಹಿಡಿಯ ಮಣ್ಣಿನ ಜಾಡಿ, ಹೊತ್ತು ದಾಟುತ್ತಿರುವ ಹಮಾಲಿ. ದೊಡ್ಡ ಹಡಗುಗಳ ಸರಕನ್ನು ಹೀಗೆ ನದಿ ದೋಣಿಗಳಿಗೆ ಇಳಿಸಿ ರೋಮ್‌ಗೆ ಎಳೆದೊಯ್ಯುತ್ತಿದ್ದರು.

ಮತ್ತೆ ಮತ್ತೆ ಎದುರಾಗುವುದು ಅಂತಸ್ತು ಅಂತಸ್ತಾಗಿ ಎದ್ದು ತುದಿಯಲ್ಲಿ ಬೆಂಕಿ ಉರಿಯುವ ದೀಪಸ್ತಂಭ. ಅದು ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 42ರಲ್ಲಿ ಶುರುಮಾಡಿದ ಪಕ್ಕದ ಪೋರ್ಟಸ್ ಬಂದರಿನದು ಎನ್ನುತ್ತಾರೆ. ಈಜಿಪ್ಟಿನಿಂದ ಕಂಬ ಹೊತ್ತು ತಂದ, ಹಿಂದಿನ ಚಕ್ರವರ್ತಿ ಕಲಿಗುಲನ ದೈತ್ಯ ಹಡಗನ್ನು ಮುಳುಗಿಸಿ, ಅದರ ಮೇಲೆಯೇ ಆ ಸ್ತಂಭಕ್ಕೆ ಅಡಿಪಾಯ ಹಾಕಿದರಂತೆ.

ಲಿಬಿಯಾದ ಸಬ್ರಾತಾ ಊರಿನವರ ಕೋಣೆಯ ಮುಂದೆ ಹಡಗಿಲ್ಲ, ಒಂದು ಆನೆ ನಿಂತಿದೆ. ದಂತದ ವ್ಯಾಪಾರವೋ, ಅಖಾಡಕ್ಕೆ ಪ್ರಾಣಿ ಸಾಗಣೆಯೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಕಾರ್ತೇಜ್, ಸಾರ್ಡಿನಿಯಾದ ಕಾಲ್ಯಾರಿ, ಫ್ರಾನ್ಸ್‌ನ ನಾರ್ಬಾನ್, ಅಲೆಕ್ಸಾಂಡ್ರಿಯಾ: ಹೆಸರು ಓದುತ್ತಾ ಒಂದು ಸುತ್ತು ಹಾಕಿದರೆ ಮೆಡಿಟರೇನಿಯನ್ ಪ್ರದಕ್ಷಿಣೆ ಆದಂತೆಯೇ. ಮಲಬಾರಿನ ಕಾಳುಮೆಣಸು ರೋಮ್ ಸೇರುತ್ತಿದ್ದದ್ದೂ ಅಲೆಕ್ಸಾಂಡ್ರಿಯಾ ಹಾದಿಯಲ್ಲೇ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ನೆನಪಾದವು.

ಈ ಕೋಣೆಗಳು ಹಡಗು ಕಂಪನಿಗಳ ಕಚೇರಿಗಳು ಎಂದು ಮಾರ್ಗದರ್ಶಿಗಳು ಸಲೀಸಾಗಿ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾರ್ತೇಜಿನ ಹಡಗುದಾರರು ತಮ್ಮ ಹೆಸರಿನ ಮುಂದೆ ‘ದೆ ಸುವೊ’, ಅಂದರೆ ಸ್ವಂತ ಖರ್ಚಿನಲ್ಲಿ, ಎಂದು ಮೂಡಿಸಿದ್ದಾರೆ. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸುವ ಬುದ್ಧಿ ಇದು! ನಾಟಕ ನೋಡಲು ಬಂದವರೆಲ್ಲ ಇಲ್ಲೇ ಅಡ್ಡಾಡುತ್ತಿದ್ದರು. ಹೆಸರು ಅವರ ಕಾಲಡಿಯಲ್ಲಿರಬೇಕಿತ್ತು, ಅಷ್ಟೆ. ಚೌಕದ ನೆಲಕ್ಕೆ ಸಂಘಗಳು ಚಂದಾ ಹಾಕಿದವು ಎನ್ನುವ ಪಂಡಿತರ ಪಕ್ಷಕ್ಕೇ ನನ್ನ ವೋಟು.

ಇಲ್ಲಿಗೇ ಸುಸ್ತಾಗಿ ವಾಪಸಾಗುವವರೇ ಹೆಚ್ಚು. ಇನ್ನಷ್ಟು ನಡೆದು ಧಾನ್ಯ ಅಳೆಯುವವರ ಸಭಾಂಗಣ ನೋಡಿ. ನಡುವೆ ಕೊಳಗ, ಮೂಟೆ ಹೊತ್ತ ಕೂಲಿಯಾಳು, ಕೊಳಗದ ಬಾಯಿಯ ಮಟ್ಟಕ್ಕೆ ಧಾನ್ಯ ಸಮಮಾಡಲು ಕೋಲು ಹಿಡಿದ ಅಳತೆಗಾರ. ಆಫ್ರಿಕಾ, ಈಜಿಪ್ಟುಗಳಿಂದ ಬಂದ ಗೋಧಿಯೇ ರೋಮ್‌ನ ಹೊಟ್ಟೆ ತುಂಬಿಸುತ್ತಿದ್ದದ್ದು. ಅಳತೆಯಲ್ಲಿ ಎಡವಟ್ಟಾದರೆ ರಾಜಧಾನಿಯಲ್ಲಿ ದಂಗೆ. ಅಂಥ ಕೆಲಸದವರು ತಮ್ಮ ಕೋಲನ್ನು ನೆಲದ ಮೇಲೆ ಮೆರೆಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹೋಗುವವರು ಬೆಳಗ್ಗೆ ಬೇಗ ಹೋಗಿ, ಚಳಿಗಾಲದಲ್ಲಿ ಬಾಗಿಲು ಬೇಗ ಹಾಕುತ್ತಾರೆ. ಸೋಮವಾರ ರಜೆ.