ನಂತೂರು ವೃತ್ತದಲ್ಲಿ ಚಾಲಕನಿಲ್ಲದ ಕಾರು

ಅಮೆರಿಕದ ಫೀನಿಕ್ಸ್ ಪ್ರದೇಶದಲ್ಲಿ ವೇಮೋ ಕಂಪನಿಯ ಚಾಲಕರಹಿತ ಟ್ಯಾಕ್ಸಿಗಳು 2020ರಿಂದಲೇ ಸಾರ್ವಜನಿಕರಿಗೆ ತೆರೆದುಕೊಂಡಿವೆ. ಕ್ಯಾಮೆರಾ, ರಾಡಾರ್ ಹಾಗೂ ಲೇಸರ್ ಕಿರಣಗಳಿಂದ ದೂರ ಅಳೆಯುವ ಲೈಡಾರ್ ಒಟ್ಟಾಗಿ ಸುತ್ತಲಿನ ಚಿತ್ರವನ್ನು ಕಟ್ಟಿಕೊಡುತ್ತವೆ. ಯಂತ್ರಕ್ಕೆ ನಿದ್ದೆಯಿಲ್ಲ, ಅಮಲಿಲ್ಲ, ಮೊಬೈಲ್ ನೋಡುವ ಚಪಲವೂ ಇಲ್ಲ. ರಾತ್ರಿ ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ, ಎದುರಿನ ಲಾರಿಯ ಹೈಬೀಮ್‌ಗೆ ಕಣ್ಣು ಕತ್ತಲಿಟ್ಟಾಗಲೆಲ್ಲ ಈ ಗುಣಗಳ ಬೆಲೆ ನನಗೆ ಅರಿವಾಗುತ್ತದೆ.

ಆದರೆ ಮಂಗಳೂರಿನ ಸಂಜೆಯ ನಂತೂರು ವೃತ್ತವೇ ಬೇರೆ. ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು ತಗಡನ್ನು ತಟ್ಟುತ್ತಾ ಕೈ ಚಾಚಿ ದಾರಿ ಕೇಳುತ್ತಾನೆ, ಸ್ಕೂಟರಿನವನು ತಲೆಯಾಡಿಸಿ ಒಪ್ಪುತ್ತಾನೆ ಅಥವಾ ಒಪ್ಪದೆ ನುಗ್ಗುತ್ತಾನೆ. ಇದ್ಯಾವುದೂ ಸಂಚಾರ ನಿಯಮದ ಪುಸ್ತಕದಲ್ಲಿಲ್ಲ. ಆಟಿ ತಿಂಗಳ ಮಳೆಯಲ್ಲಂತೂ ರಸ್ತೆಯ ಬಿಳಿ ಗೆರೆಗಳು ನೀರಿನಡಿ ಮರೆಯಾಗುತ್ತವೆ, ಲೇಸರ್ ಕಿರಣಗಳೂ ಹನಿಗಳಿಗೆ ತಾಗಿ ಚದುರುತ್ತವೆ.

ಅದಕ್ಕಿಂತ ಕಠಿಣವಾದದ್ದು ಹೊಣೆಯ ಪ್ರಶ್ನೆ. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್‌ನ ಪರೀಕ್ಷಾ ಕಾರು ಡಿಕ್ಕಿ ಹೊಡೆದು ಆಕೆ ಸಾವಿಗೀಡಾದಳು. ತಂತ್ರಾಂಶ ಆಕೆಯನ್ನು ಒಮ್ಮೆ ವಾಹನವೆಂದೂ ಮತ್ತೊಮ್ಮೆ ಸೈಕಲ್ ಎಂದೂ ಗುರುತಿಸುತ್ತಾ ಗೊಂದಲಕ್ಕೆ ಬಿದ್ದಿತ್ತು. ಕೊನೆಗೆ ಕ್ರಿಮಿನಲ್ ಮೊಕದ್ದಮೆ ಎದುರಿಸಿದ್ದು ಕಂಪನಿಯಲ್ಲ, ಕಾರಿನ ಮೇಲೆ ನಿಗಾ ಇಡಲೆಂದು ಚಾಲಕನ ಸೀಟಿನಲ್ಲಿದ್ದ ಉದ್ಯೋಗಿ. ಇದು ನ್ಯಾಯವೆಂದು ನನಗಂತೂ ಅನಿಸುವುದಿಲ್ಲ.

ಅಡ್ಡ ಬಂದವರನ್ನು ಕಂಡು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಈಗಾಗಲೇ ಭಾರತದ ಹಲವು ಕಾರುಗಳಲ್ಲಿದೆ. ಸದ್ಯಕ್ಕೆ ನನಗೆ ಬೇಕಾದದ್ದು ಅಷ್ಟೇ. ಸ್ಟೀಯರಿಂಗ್ ನನ್ನ ಕೈಯಲ್ಲೇ ಇರಲಿ.