ನಿಮ್ಮೂರಲ್ಲಿ ಎಷ್ಟು ಜನ ಇದ್ದಾರೆ?

ಬೆಂಗಳೂರಲ್ಲಿ ಹೊಸಬರು ಯಾರೇ ಸಿಗಲಿ, ನಮ್ಮದು ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕಿನ ಒಂದು ಸಣ್ಣ ಹಳ್ಳಿ ಅಂದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಬಸ್ ಇದೆಯಾ? ಎಷ್ಟು ಜನ ಇದ್ದಾರೆ? ಮೊದಲನೆಯದಕ್ಕೆ ಉತ್ತರ ಸುಲಭ. ಕ್ರಾಸಿನ ತನಕ ಇದೆ. ಎರಡನೆಯದಕ್ಕೆ ನಾನೇ ತಿರುಗಿ ಕೇಳುತ್ತೇನೆ: ಯಾವ ತಿಂಗಳ ಲೆಕ್ಕ ಬೇಕು?

ತಮಾಷೆಗೆ ಹೇಳುತ್ತಿಲ್ಲ. ಇದೇ ಜಿಲ್ಲೆಯ ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ನೀರಿದೆ, ಭತ್ತ ಇದೆ. ನಮ್ಮದು ಮಳೆ ನಂಬಿದ ಊರು. ಸಜ್ಜೆ ರಾಶಿ ಮುಗಿದರೆ ಕೈಗೆ ಕೆಲಸ ಇಲ್ಲ. ದೀಪಾವಳಿ ಆಯ್ತು ಅಂದರೆ ಗುಳೆ ಶುರು. ಬೆಂಗಳೂರು, ಮಂಗಳೂರು, ಗೋವಾ. ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ, ಹಾಲು ಕುಡಿಯುವ ಕೂಸನ್ನೂ ಕಟ್ಟಿಕೊಂಡು. ಶಾಲೆ ಮಕ್ಕಳು ಅಜ್ಜಿ ಹತ್ತಿರ. ಯುಗಾದಿಗೆ ಒಮ್ಮೆ ಊರು ತುಂಬುತ್ತೆ, ಮುಂಗಾರು ಬಿತ್ತನೆಗೆ ಇನ್ನೊಮ್ಮೆ.

ಈಗ ಸರ್ಕಾರದ ಲೆಕ್ಕ ನೋಡಿ. ಕೈಯಲ್ಲಿರುವುದು 2011ರ ಜನಗಣತಿ. ಆಗ ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಅಂದರೆ ಗುಳೆ ಹೋದವರು ಇನ್ನೂ ವಾಪಸ್ ಬರದ ಹೊತ್ತು. ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲ್ಲಿದ್ದಾರೋ ಅಲ್ಲೇ ಬರೆದುಕೊಳ್ಳಬೇಕು. ಅವರು ಕೆಲಸ ಮಾಡುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ ಯಾರಾದರೂ ಹೋಗಿ ಬರೆದುಕೊಂಡರೋ ಇಲ್ಲವೋ, ನಮ್ಮೂರ ಪಟ್ಟಿಯಲ್ಲಂತೂ ಅವರಿಲ್ಲ.

ಸುಮ್ನೆ ಒಂದು ಅಂಕಿ ಅಲ್ವಾ ಅನ್ನಬೇಡಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದಾಗ ಬಯಲು ಪ್ರದೇಶದ ಊರಿಗೆ ರಸ್ತೆ ಬೇಕಂದರೆ 500 ಜನ ಇರಬೇಕಿತ್ತು, 2001ರ ಗಣತಿ ಪ್ರಕಾರ. 2024ರಲ್ಲಿ ಬಂದ ನಾಲ್ಕನೇ ಹಂತದಲ್ಲೂ ಅದೇ 500, ಈ ಸಲ 2011ರ ಗಣತಿ ಪ್ರಕಾರ. ಐನೂರರ ಆಸುಪಾಸಿನ ಊರಲ್ಲಿ ಇಪ್ಪತ್ತು ಮನೆಗೆ ಕೀಲಿ ಬಿದ್ದಿದ್ದರೆ ಡಾಂಬರು ಹೋದ ಹಾಗೇ.

ಅದೇ ಗಣತಿಯ ಹಳ್ಳಿ ಪಟ್ಟಿಯಲ್ಲಿ ಬಸ್ಸಿಗೂ ಒಂದು ಕಾಲಂ ಇದೆ. ಊರಲ್ಲಿ ಇಲ್ಲದಿದ್ದರೆ ಎಷ್ಟು ದೂರ ಅಂತ ಮೂರೇ ಗುಂಪು: 5 ಕಿ.ಮೀ.ಗಿಂತ ಕಡಿಮೆ, 5ರಿಂದ 10, 10ಕ್ಕಿಂತ ಜಾಸ್ತಿ. ನಮ್ಮ ಕ್ರಾಸ್ ನಾಲ್ಕು ಕಿಲೋಮೀಟರ್. ಕಾಗದದ ಮೇಲೆ ನಾವು ಬಸ್ಸಿಗೆ ತೀರಾ ಹತ್ತಿರದವರು! ನಡುವೆ ಒಂದು ಹಳ್ಳ ಇದೆ, ಎರೆ ಮಣ್ಣಿನ ದಾರಿ ಇದೆ. ಮಳೆ ಬಿದ್ದ ದಿನ ಚಪ್ಪಲಿ ಕೈಯಲ್ಲಿ. ಹೆಜ್ಜೆ ಹೆಜ್ಜೆಗೂ ಕಾಲಿಗೆ ಮಣ್ಣು ಮೆತ್ತಿಕೊಂಡು ಕಾಲೇ ಏಳಲ್ಲ. ಕಡ್ಡಿಯಿಂದ ಕೆರೆದು, ನಾಲ್ಕು ಹೆಜ್ಜೆ ಇಟ್ಟು, ಮತ್ತೆ ಕೆರೆಯಬೇಕು. ಇದಕ್ಕೆ ಕಾಲಂ ಇಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸಾದಾ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಚಿಗವ್ವ ಸಂತೆಗೆ ಹೊರಟಾಗೆಲ್ಲ ಹೇಳುತ್ತಾಳೆ: "ಕುಷ್ಟಗಿಗೆ ಫ್ರೀ ಐತಿ, ಕ್ರಾಸಿಗೆ ರೊಕ್ಕ ಐತಿ." ಕ್ರಾಸಿಗೆ ಇರುವುದು ಟಂಟಂ ಒಂದೇ. ಅದು ತುಂಬುವ ತನಕ ಬಿಡಲ್ಲ, ತುಂಬಿದ ಮೇಲೂ ಡ್ರೈವರ್ ಆಚೀಚೆ ಇಬ್ಬರು ಕೂರುವ ತನಕ ಬಿಡಲ್ಲ.

ಒಂದು ವಸ್ತಿ ಬಸ್ಸಾದರೂ ಕೊಡಿ, ರಾತ್ರಿ ಬಂದು ಮಲಗಿ ಬೆಳಿಗ್ಗೆ ಕಾಲೇಜು ಮಕ್ಕಳನ್ನ ಕರಕೊಂಡು ಹೋಗಲಿ ಅಂತ ಹಿರಿಯರು ಒಮ್ಮೆ ಅರ್ಜಿ ಹಿಡಿದು ಹೋಗಿದ್ದರು. ಅಲ್ಲೂ ಇದೇ ಪ್ರಶ್ನೆ: "ನಿಮ್ಮೂರಾಗ ಜನ ಎಷ್ಟದಾರ?"

ಊರೊಳಗೆ ತಪ್ಪದೆ ಬರುವ ಗಾಡಿ ಒಂದಿದೆ. ದೀಪಾವಳಿ ಆದ ವಾರ ಮೇಸ್ತ್ರಿ ಕಳಿಸುವ ಕ್ರೂಸರ್. ಹಣಮಪ್ಪನ ಗುಡಿ ಮುಂದೇ ಬಂದು ನಿಲ್ಲುತ್ತೆ. ಮೇಲೆ ಹಾಸಿಗೆ ಗಂಟು, ಪಾತ್ರೆ ಚೀಲ, ಒಳಗೆ ಕಟಿ ರೊಟ್ಟಿ ಗಂಟು.

ಮುಂದಿನ ಜನಗಣತಿಯ ಎಣಿಕೆಯೂ ಫೆಬ್ರವರಿಯಲ್ಲೇ, 2027ರದ್ದು. ಎಣಿಸಲು ಬರುವ ಮೇಷ್ಟ್ರೇ, ಯುಗಾದಿಗೂ ಒಂದು ಸಲ ಬನ್ನಿ. ಹೋಳಿಗೆ ಇರುತ್ತೆ.