ಚಾಕೊಲೇಟ್ ಹಾಲು ಮತ್ತು ಕೆಂಪು ಪಾಚಿ
ಮೂಡಿಗೆರೆ ಬಸ್ ಸ್ಟ್ಯಾಂಡಲ್ಲಿ ಕೂತು ಚಾಕೊಲೇಟ್ ಹಾಲಿನ ಪ್ಯಾಕೆಟ್ ಹಿಂದೆ ಓದ್ತಿದ್ದೆ (ಬಸ್ ಬರ್ದಿದ್ರೆ ಇನ್ನೇನ್ ಮಾಡೋದು). ಸಣ್ಣಕ್ಷರದಲ್ಲಿ ‘ಸ್ಟೆಬಿಲೈಸರ್ 407’. ಹುಡುಕಿದ್ರೆ ಕ್ಯಾರಜೀನನ್, ಕೆಂಪು ಕಡಲಪಾಚಿಯಿಂದ ತೆಗೆಯೋ ಅಂಟು. ಅದಕ್ಕೇ ಅಂತ ಫಿಲಿಪೈನ್ಸ್ ಕಡೆಯ ಕಪ್ಪಾಫೈಕಸ್ ಪಾಚಿನ ತಮಿಳುನಾಡಿನ ಕಡಲಲ್ಲಿ ಬೆಳೆಸಿದ್ರು. 2008ರ ಹೊತ್ತಿಗೆ ಅದು ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಹತ್ತಿ ಕೂತಿತ್ತು. ಬೀಜ ಬೇಕಿಲ್ಲ, ಮುರಿದ ಒಂದು ತುಂಡು ಸಾಕು. ಚಾಪೆ ಹಾಸಿದಂಗೆ ಹಬ್ಬುತ್ತೆ, ಅಡಿಯ ಹವಳಕ್ಕೆ ಬಿಸಿಲೇ ಇಲ್ಲ.

ಬೆಳೆಯೋರ ಹೊಟ್ಟೆಪಾಡೂ ಅದೇ, ಅವರನ್ನ ಏನಂತ ಬೈಯೋದು? ಹೂವು ಚೆಂದ ಅಂತ ನಾವೇ ಬೇಲಿಲಿ ಬಿಟ್ಟ ಲಂಟಾನ ಈಗ ತೋಟದೊಳಗೇ ಬಂದಿದೆ. ಹೋದ ತಿಂಗಳು ಬುಡಕ್ಕೇ ಕಡಿಸಿದ್ದೆ. ಇವತ್ತು ಬೆಳಗ್ಗೆ ನೋಡಿದ್ರೆ ಗೇಣುದ್ದ ಚಿಗುರು.